ಪುಟಾಣಿ ಮಿಕ್ಸರಿಗೆ ಹಾಕ್ರಿ

ಮೈಸೂರಿನ ಹುಡುಗಿ ಹುಬ್ಬಳ್ಳಿಗೆ ಸೊಸೆಯಾಗಿ ಬಂದರೆ ಏನು ತೊಂದರೆ, ಎರಡೂ ಕಡೆ ಕನ್ನಡವೇ ಅಲ್ವಾ ಅಂತ ಹಿರಿಯರೆಲ್ಲ ಅಂದುಕೊಂಡಿದ್ದರು. ಮಾತುಕತೆಗೆ ಏನೂ ತೊಂದರೆ ಆಗಲಿಲ್ಲ. ಜಗಳಕ್ಕೂ ಆಗಲಿಲ್ಲ. ಎಲ್ಲ ಕೆಟ್ಟಿದ್ದು ಕಿರಾಣಿ ಚೀಟಿಯಿಂದ.

ನನ್ನ ತಮ್ಮನ ಹೆಂಡತಿ ಬಂದ ಹೊಸದರಲ್ಲಿ ಚಿತ್ರಾನ್ನ ಮಾಡ್ತೀನಿ ಅಂತ 'ಕಡಲೆಬೀಜ ಅರ್ಧ ಕೆಜಿ' ಎಂದು ಬರೆದು ಗಂಡನ ಕೈಗೆ ಕೊಟ್ಟಳು. ಹೊಸ ಗಂಡ, ಎದುರು ಪ್ರಶ್ನೆ ಕೇಳುವ ಧೈರ್ಯ ಇನ್ನೂ ಬಂದಿರಲಿಲ್ಲ. ದುರ್ಗದ ಬೈಲಿನ ಹತ್ತಿರದ ಅಂಗಡಿಯಲ್ಲಿ ಚೀಟಿಯಲ್ಲಿದ್ದದ್ದನ್ನು ಇದ್ದ ಹಾಗೇ ಓದಿದ. ಅಂಗಡಿಯ ಕಾಕಾ ಕನ್ನಡಕ ಮೇಲೇರಿಸಿ, "ಬೀಜ ಅಂದ್ರ ಬಿತ್ತಾಕೇನೋ? ಹಿಂಗಾರಿ ಬಿತ್ತಗಿ ಮುಗದ ಹೋತಲ್ಲೋ. ಅದೂ ಅರ್ಧ ಕೇಜಿ ತಗೊಂಡು ಎಲ್ಲಿ ಬಿತ್ತಾಂವ, ಕುಂಡ್ಯಾಗ?" ಅಂದರು. ಕಾಕಾ ಹೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ಕಡೆ ಕಡ್ಲಿ ಅಂದರೆ ಕಡ್ಲಿ. ಅಣ್ಣಿಗೇರಿ, ನವಲಗುಂದ, ಗದಗದ ಎರಿ ಹೊಲಗಳಲ್ಲಿ ಅಕ್ಟೋಬರ್ ಹೊತ್ತಿಗೆ ಬಿತ್ತಿ, ಚಳಿಗಾಲದ ತಂಪಿನಲ್ಲೇ ಬೆಳೆಯುವ ಕಾಳು. ತಮ್ಮ ಅರ್ಧ ಕೆಜಿ ಕಡ್ಲಿ ಹಿಡಿದು ಮನೆಗೆ ಬಂದ.

"ಇದು ಕಡಲೆಕಾಳು ಕಣ್ರೀ."

"ನೀನ ಬರದ್ಯಲ್ಲ."

ಅವಳು ಯೋಚನೆ ಮಾಡಿ, ಬೀಜ ಅನ್ನೋ ಪದದಿಂದಲೇ ಎಡವಟ್ಟಾಯಿತು ಅಂತ 'ಕಡಲೆಕಾಯಿ' ಎಂದು ತಿದ್ದಿ ಮತ್ತೆ ಕಳಿಸಿದಳು. ಆಗ ಬಂದಿದ್ದು ಇನ್ನೂ ಚೆನ್ನಾಗಿತ್ತು. ಬೇರು, ಎಲೆ, ಮಣ್ಣು ಸಮೇತ ಹಸಿ ಸುಲಗಾಯಿ, ಎರಡು ಸಿವುಡು. ಕಡ್ಲಿಯ ಕಾಯಿ ಅಂದರೆ ಅದೇ ಅಲ್ವಾ? ತಮ್ಮ ಅರ್ಧದಷ್ಟನ್ನು ದಾರಿಯಲ್ಲೇ ಬಿಡಿಸಿ ತಿಂದಿದ್ದ. ಅವ್ವ ಒಳಗಿಂದ ಕೂಗಿದಳು, "ಶೇಂಗಾ ಅನ್ನಾಕ ಏನಾಗೇತಿ ನಿಮಗ?"

ನಾನು ಈ ವಿಷಯದಲ್ಲಿ ಪಕ್ಕಾ ಶೇಂಗಾ ಪಕ್ಷ. ದಕ್ಷಿಣದವರ 'ಕಡಲೆ' ನಂಬೋ ಹಾಗಿಲ್ಲ. ಕಡಲೆಬೇಳೆ ಅಂದರೆ ಕಡಲೆ, ಸರಿ. ಕಡಲೆಹಿಟ್ಟು, ಹುರಿಗಡಲೆ, ಅವೂ ಕಡಲೆ. ಕಡಲೆಬೀಜ ಅಂದ ಕೂಡಲೇ ಅದು ಕಡಲೆ ಅಲ್ಲ. ಇನ್ನು ಕಡಲೆಪುರಿ ಅಂತಾರಲ್ಲ, ಅದರಲ್ಲಿ ಕಡಲೆಯೂ ಇಲ್ಲ, ಪೂರಿಯೂ ಇಲ್ಲ, ಅದು ಅಕ್ಕಿ! ನಮ್ಮ ಚುರಮುರಿ. ದಾವಣಗೆರೆಗೆ ಹೋದರೆ ಅದೇ ಮಂಡಕ್ಕಿ. ಮೈಸೂರಿನಲ್ಲಿ ಚುರುಮುರಿ ಕೇಳಿದರೆ ಕ್ಯಾರೆಟ್, ಈರುಳ್ಳಿ ಎಲ್ಲ ಕಲಸಿ ಪೊಟ್ಟಣದಲ್ಲಿ ಕೊಡ್ತಾರೆ. ನಮ್ಮಪ್ಪ ಒಂದ್ಸಲ ಬೆಂಗಳೂರಿಗೆ ಹೋದಾಗ ಬಸವನಗುಡಿಯ ಕಡಲೆಕಾಯಿ ಪರಿಷೆ ಇತ್ತು. ಕಾರ್ತಿಕದ ಕೊನೆಯ ಸೋಮವಾರ, ದೊಡ್ಡ ಬಸವಣ್ಣನ ಗುಡಿಯ ಸುತ್ತ ರಸ್ತೆ ತುಂಬ ರಾಶಿ ರಾಶಿ. ಅಪ್ಪ ಎಲ್ಲ ಸುತ್ತಿ ಬಂದು ಕೇಳಿದ್ದು ಒಂದೇ ಮಾತು: "ಇಷ್ಟೊಂದು ಶೇಂಗಾ ಅದಾವ, ಕಡ್ಲಿಕಾಯಿ ಮಾರೋರು ಎಲ್ಲಿ ಕುಂತಾರ?"

ಆದರೆ ಇದೆಲ್ಲ ಪುಟಾಣಿ ಪ್ರಕರಣದ ಮುಂದೆ ಏನೂ ಅಲ್ಲ.

ನಮ್ಮ ಬೀಗತಿ, ಅಂದರೆ ತಮ್ಮನ ಅತ್ತೆ, ಇಲ್ಲಿಗೆ ಬಂದಿದ್ದಾಗ ಗಿರ್ಮಿಟ್ ತಿಂದು ಖುಷಿಯಾಗಿ ಹೋಗಿದ್ದರು. ಊರಿಗೆ ಹೋಗಿ ತಾವೂ ಮಾಡೋಣ ಅಂತ ಅವ್ವನಿಗೆ ಫೋನ್ ಹಚ್ಚಿದರು. ನಮ್ಮಲ್ಲಿ ಪುಟಾಣಿ ಅಂದರೆ ಹುರಿಗಡಲೆ, ಗಿರ್ಮಿಟ್ ಮೇಲೆ ಅದರ ಹಿಟ್ಟು ಉದುರಿಸದಿದ್ದರೆ ರುಚಿಯೇ ಬರುವುದಿಲ್ಲ. ಅವರ ಮನೆಯಲ್ಲಿ ಪುಟಾಣಿ ಅಂದರೆ ದೊಡ್ಡ ಮಗನ ಮಗಳು, ಅಂಬೆಗಾಲಿಡೋ ಕೂಸು. ಅವ್ವ ಫೋನ್ ಸ್ಪೀಕರಿಗೆ ಹಾಕಿ ಉಳ್ಳಾಗಡ್ಡಿ ಹೆಚ್ಚುತ್ತಾ ಹೇಳ್ತಿದ್ದಳು.

"ಮೊದಲ ಪುಟಾಣಿ ಸ್ವಲ್ಪ ಬಿಸಿಲಿಗೆ ಇಡ್ರಿ, ಗರಿ ಗರಿ ಆಗ್ಲಿ."

ಆ ಕಡೆಯಿಂದ, "ಬಿಸಿಲಿಗಾ? ಹೂಂ, ಬೆಳಗಿನ ಬಿಸಿಲು ಒಳ್ಳೇದೇ ಬಿಡಿ" ಅಂತ ಬಂತು.

"ಆಮ್ಯಾಲೆ ಮಿಕ್ಸರಿಗೆ ಹಾಕ್ರಿ."

ಮೌನ.

"ಸಣ್ಣಗ ಪುಡಿ ಆಗೋಮಟಾ ಬಿಡಬ್ಯಾಡ್ರಿ. ನಿಮ್ಮ ಮನ್ಯಾಗ ಪುಟಾಣಿ ಇಲ್ಲಂದ್ರ ಬಾಜೂ ಮನ್ಯಾಗಿಂದ ಇಸ್ಕೋರಿ, ಏನ್ ಆಗಂಗಿಲ್ಲ."

ಮೈಸೂರಿನ ಕಡೆ ಏನೋ ಬಿದ್ದ ಸದ್ದಾಯಿತು. ಸೊಸೆ ಅಡುಗೆಮನೆಯಿಂದ ಓಡಿ ಬಂದು ಫೋನ್ ಕಿತ್ತುಕೊಂಡು "ಅಮ್ಮಾ, ಹುರಿಗಡಲೆ, ಹುರಿಗಡಲೆ!" ಅಂತ ಚೀರಿದಳು. ಇವತ್ತಿಗೂ ಆ ಮನೆಯವರು ಮಗು ಕರೆದುಕೊಂಡು ಹುಬ್ಬಳ್ಳಿಗೆ ಬಂದರೆ ನಮ್ಮ ಮಿಕ್ಸರ್ ಯಾವ ಕಪಾಟಿನಲ್ಲಿದೆ ಅಂತ ಒಮ್ಮೆ ನೋಡ್ತಾರೆ. ತಮಾಷೆಗೇ ಇರಬೇಕು.

ಇಷ್ಟೆಲ್ಲ ಗಲಾಟೆಗೆ ಮೂಲ ಕಾರಣ ಆ ಶೇಂಗಾನೇ. ದಕ್ಷಿಣ ಅಮೆರಿಕದ ಗಿಡ, ಹಡಗು ಹತ್ತಿ ಊರೂರಿಗೆ ಹೋಯಿತು. ಅದರ ಹೆಸರು ಏನಪ್ಪಾ ಅಂತ ಯಾರೂ ವಿಚಾರಿಸಿಲ್ಲ, ಅವರವರ ಮನೆಯಲ್ಲಿ ಇದ್ದ ಕಾಳಿನ ಹೆಸರನ್ನೇ ಅಂಟಿಸಿದರು. ತೆಲುಗರು ವೇರುಶನಗ, ತಮಿಳರು ವೇರ್ಕಡಲೈ, ಅಂದರೆ ಬೇರಿನ ಕಡಲೆ. ಅದು ಬೇರಿನಲ್ಲಿ ಹುಟ್ಟೋದೇ ಇಲ್ಲ! ಹಳದಿ ಹೂವು ಮೇಲೆ ಅರಳಿ, ಅದರ ಬುಡದಿಂದ ಒಂದು ಮೊನಚು ಕಡ್ಡಿ ಕೆಳಗಿಳಿದು ಮಣ್ಣಿಗೆ ಚುಚ್ಚಿಕೊಂಡು, ಅದರ ತುದಿಯಲ್ಲಿ ಕಾಯಿ ಆಗುತ್ತದೆ. ಮಂಗಳೂರಿನ ಕಡೆಯವರ ನೆಲಗಡಲೆ ಪರವಾಗಿಲ್ಲ, ಅರ್ಧ ಮಾರ್ಕ್ಸ್ ಕೊಡಬಹುದು. ಮರಾಠಿಯಲ್ಲಿ ಭುಯಿಮೂಗ್, ಹಿಂದಿಯಲ್ಲಿ ಮೂಂಗ್‌ಫಲಿ, ಅಂದರೆ ಅವರಿಗೆ ಕಡಲೆ ಬದಲು ಹೆಸರುಕಾಳು ನೆನಪಾಗಿದೆ. ಬಂಗಾಳಿಗಳು ಚೀನಾಬಾದಾಮ್ ಅಂತಾರೆ, ಅರಬರು ಸುಡಾನಿನ ಅವರೆ ಅಂತಾರೆ, ತಮಿಳುನಾಡಿನ ಕೆಲವು ಕಡೆ ಮಣಿಲಾ ಊರಿನ ಹೆಸರು ಹಿಡಿದು ಮಣಿಲಾಕೊಟ್ಟೈ ಅಂತಾರೆ. ಕೇರಳದಲ್ಲಿ ಕಪ್ಪಲಂಡಿ. ಹಡಗಿನಲ್ಲಿ ಬಂದ ಬೀಜ ಅಂತ ಅರ್ಥ, ಚೆಂದದ ಹೆಸರೇ. ಆದರೆ ರೈಲಿನಲ್ಲಿ ಮಾರೋನೊಬ್ಬ ಅದನ್ನು ನಮ್ಮಜ್ಜಿಯ ಕಿವಿ ಹತ್ತಿರ ಕೂಗಿದಾಗ ಅಜ್ಜಿಗೆ ಕನ್ನಡದಲ್ಲಿ ಬೇರೇನೋ ಕೇಳಿಸಿ, ಧಾರವಾಡ ಬರುವವರೆಗೂ ಸೆರಗು ಹೊದ್ದುಕೊಂಡೇ ಕೂತಿದ್ದಳು.

ಚೀನಾದವರು ಹುವಾಶೆಂಗ್ ಅಂತಾರೆ, ಹೂವಿನಿಂದ ಹುಟ್ಟಿದ್ದು ಅಂತ. ಹೊಲಕ್ಕೆ ಹೋಗಿ ನೋಡಿ ಹೆಸರಿಟ್ಟವರು ಅವರೇ ಇರಬೇಕು. ಕೊನೆಗೆ ಶೆಂಗ್ ಅಂತ ಬೇರೆ ಬರುತ್ತಲ್ಲ, ಅದನ್ನು ಕೇಳಿ ಅವ್ವನಿಗೆ ಬಹಳ ಹೆಮ್ಮೆ, ಚೀನಾಕ್ಕೆ ನಮ್ಮವರೇ ಹೇಳಿಕೊಟ್ಟಿದ್ದು ಅಂತ. ಹಾಗೇನಿಲ್ಲ, ಸುಮ್ನೆ ಸದ್ದು ಹೊಂದಿದೆ ಅಷ್ಟೇ ಅಂದರೆ ಕೇಳುವುದಿಲ್ಲ. ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಎಲೆಚುಕ್ಕೆ ಮತ್ತು ತುಕ್ಕು ರೋಗ ತಡೆಯುವ ಒಳ್ಳೆ ತಳಿ ಮಾಡಿ, ಅದಕ್ಕೆ ಜಿಪಿಬಿಡಿ-4 ಅಂತ ಹೆಸರಿಟ್ಟಿದ್ದಾರೆ. ಅದನ್ನು ಚೀಟಿಯಲ್ಲಿ ಬರೆದರೆ ಕಾಕಾ ನಮ್ಮನ್ನು ಆರ್‌ಟಿಒ ಆಫೀಸಿಗೆ ಕಳಿಸ್ತಾರೆ.

ಹೋದ ಸಂಕ್ರಾಂತಿಗೆ ಮಿರಜಿನ ಮಾವಶಿ ಬಂದಿದ್ದರು. ಶೇಂಗಾ ಹೋಳಿಗೆ ತುಪ್ಪ ಹಚ್ಚಿ ತಿನ್ನುತ್ತಾ, ಸೊಸೆ ಮುಂದೆ ಅವ್ವ ಶೇಂಗಾ ಪದದ ಬಡಾಯಿ ಕೊಚ್ಚುವುದನ್ನು ಪೂರ್ತಿ ಕೇಳಿಸಿಕೊಂಡು, ಆಮೇಲೆ ಮೆಲ್ಲಗೆ ಬಾಂಬ್ ಹಾಕಿದರು. ಶೇಂಗ್ ಅನ್ನೋದು ಮರಾಠಿ, ಅದಕ್ಕೆ ಬರೀ ಕಾಯಿ ಅಂತ ಅರ್ಥ, ನುಗ್ಗಿಕಾಯಿಗೂ ಶೇವಗ್ಯಾಚಿ ಶೇಂಗ್ ಅಂತೀವಿ ನಾವು. ಸೊಸೆಯ ಮುಖದಲ್ಲಿ ಮೈಸೂರು ದಸರಾ ದೀಪ ಹತ್ತಿತು. "ನೋಡಿ ಅತ್ತೆ, ನಿಮ್ದೂ ಕಾಯೀನೇ!"

ಅವ್ವ ಇನ್ನೊಂದು ಹೋಳಿಗೆ ಮಾವಶಿಯ ತಾಟಿಗೆ ಹಾಕಿ ಅಂದಳು, "ಇರ್ಲಿ ತಗೋ. ನುಗ್ಗಿಕಾಯಿ ಹೋಳಿಗಿ ನಿಮ್ಮ ಮಿರಜಿನ್ಯಾಗೂ ಯಾರೂ ಮಾಡಂಗಿಲ್ಲ."