ಸತ್ಯಾಂಶ: ದ್ರೌಪದಿ ಮುರ್ಮು ಅವರು ಶಾಲೆಯಿಂದ ನೇರವಾಗಿ ರಾಷ್ಟ್ರಪತಿ ಭವನಕ್ಕೆ ಬಂದರೇ?

ಶಿಕ್ಷಕಿಯಾಗಿದ್ದ ದ್ರೌಪದಿ ಮುರ್ಮು ಅವರನ್ನು ಯಾವ ಆಡಳಿತಾನುಭವವೂ ಇಲ್ಲದೆ ಏಕಾಏಕಿ ರಾಷ್ಟ್ರಪತಿ ಹುದ್ದೆಗೆ ನೇಮಿಸಲಾಯಿತು ಎಂಬರ್ಥದ ಸಂದೇಶವನ್ನು ವಾಟ್ಸ್‌ಆ್ಯಪ್‌ನಲ್ಲಿ ಹಲವರು ಹಂಚಿಕೊಳ್ಳುತ್ತಾರೆ. ಅವರು ಒಡಿಶಾದ ರಾಯರಂಗಪುರದಲ್ಲಿ ಪಾಠ ಹೇಳಿದ್ದು ನಿಜ, ಅದಕ್ಕೂ ಮೊದಲು ರಾಜ್ಯದ ನೀರಾವರಿ ಮತ್ತು ವಿದ್ಯುತ್ ಇಲಾಖೆಯಲ್ಲಿ ಕಿರಿಯ ಸಹಾಯಕಿಯಾಗಿದ್ದುದೂ ನಿಜ. ಆದರೆ ಉಳಿದ ಮಾತು ದಾಖಲೆಗಳಿಗೆ ಹೊಂದುವುದಿಲ್ಲ.

1997ರಲ್ಲಿ ಅವರು ರಾಯರಂಗಪುರದ ಸ್ಥಳೀಯ ಸಂಸ್ಥೆಗೆ ಸದಸ್ಯೆಯಾಗಿ ಆಯ್ಕೆಯಾದರು. 2000ದಲ್ಲಿ ಶಾಸಕಿಯಾಗಿ, ಬಿಜು ಜನತಾ ದಳ (ಬಿಜೆಡಿ)–ಬಿಜೆಪಿ ಮೈತ್ರಿ ಸರ್ಕಾರದಲ್ಲಿ ಮೊದಲು ವಾಣಿಜ್ಯ ಮತ್ತು ಸಾರಿಗೆ, ಆನಂತರ ಮೀನುಗಾರಿಕೆ ಮತ್ತು ಪಶುಸಂಪನ್ಮೂಲ ಖಾತೆಗಳನ್ನು ನಿರ್ವಹಿಸಿದರು. 2004ರಲ್ಲಿ ಮರು ಆಯ್ಕೆಯಾದರು. ಹಾದಿ ಸುಗಮವಾಗಿಯೇನೂ ಇರಲಿಲ್ಲ: 2009ರ ಲೋಕಸಭಾ ಚುನಾವಣೆಯಲ್ಲಿಯೂ 2014ರ ವಿಧಾನಸಭಾ ಚುನಾವಣೆಯಲ್ಲಿಯೂ ಅವರು ಸೋತರು.

2015ರಿಂದ 2021ರವರೆಗೆ ಜಾರ್ಖಂಡ್ ರಾಜ್ಯಪಾಲರಾಗಿದ್ದ ಅವಧಿಯೇ ಈ ಸಂದೇಶಕ್ಕೆ ಬಲವಾದ ಉತ್ತರವೆನ್ನಬಹುದು. ಆದಿವಾಸಿಗಳ ಭೂಮಿಗೆ ರಕ್ಷಣೆ ನೀಡುವ ಛೋಟಾನಾಗಪುರ ಮತ್ತು ಸಂತಾಲ ಪರಗಣಾ ಗೇಣಿ ಕಾಯ್ದೆಗಳಿಗೆ ತಿದ್ದುಪಡಿ ತರಲು ಅಲ್ಲಿನ ವಿಧಾನಸಭೆ ಅಂಗೀಕರಿಸಿದ್ದ ಮಸೂದೆಗಳನ್ನು ಅವರು 2017ರಲ್ಲಿ ಅಂಕಿತ ಹಾಕದೆ ಹಿಂದಿರುಗಿಸಿದರು. ಆಗ ಅಧಿಕಾರದಲ್ಲಿದ್ದುದು ಅವರು ಹಿಂದೆ ದುಡಿದಿದ್ದ ಬಿಜೆಪಿಯೇ ಎಂಬುದನ್ನು ಗಮನಿಸಬೇಕು.

ಇನ್ನು ‘ನೇಮಕ’ದ ವಿಚಾರ. ರಾಷ್ಟ್ರಪತಿಯನ್ನು ಯಾರೂ ನೇಮಿಸುವುದಿಲ್ಲ. ಸಂಸತ್ತಿನ ಮತ್ತು ವಿಧಾನಸಭೆಗಳ ಚುನಾಯಿತ ಸದಸ್ಯರು ಮತ ಹಾಕಿ ಆರಿಸುತ್ತಾರೆ; ಪ್ರತಿ ಸದಸ್ಯರ ಮತಕ್ಕೂ ನಿಗದಿತ ಮೌಲ್ಯವಿರುತ್ತದೆ. 2022ರ ಜುಲೈನಲ್ಲಿ ಮುರ್ಮು ಅವರಿಗೆ ದೊರೆತ ಮತಮೌಲ್ಯ 6,76,803, ಎದುರಾಳಿ ಯಶವಂತ ಸಿನ್ಹಾ ಅವರಿಗೆ ದೊರೆತದ್ದು 3,80,177.