ಟ್ಯಾಗ್ ಕೀಳಬೇಡಿ, ಇನ್ನೂ ಫೋಟೋ ಆಗಿಲ್ಲ

ನಮ್ಮ ಮನೆಗೆ ಈಚೆಗೆ ಬಟ್ಟೆಗಳು ನೆಂಟರ ಹಾಗೆ ಬಂದು, ನಾಲ್ಕು ದಿನ ಇದ್ದು, ಹೊರಟುಬಿಡುತ್ತವೆ. ಉಳಿಯುವುದು ಕವರು ಮಾತ್ರ. ಅದನ್ನೂ ಎಸೆಯುವಂತಿಲ್ಲ. ವಾಪಸ್ ಕಳಿಸುವಾಗ ಬೇಕಾಗುತ್ತದೆ ಅಂತ ನಮ್ಮನೆಯವರು ಇಸ್ತ್ರಿ ಒಂದನ್ನು ಬಿಟ್ಟು ಬಾಕಿ ಎಲ್ಲ ಮರ್ಯಾದೆ ಮಾಡಿ ಹಾಸಿಗೆಯಡಿ ಮಡಚಿಡುತ್ತಾರೆ. ಮೊನ್ನೆ ಭಾನುವಾರ ಆದಮೇಲಂತೂ ಆ ಕವರಿನ ಚರಚರ ಸದ್ದು ಕಿವಿಗೆ ಬಿದ್ದರೆ ಸಾಕು, ನನಗೆ ಮೈ ಉರಿಯುತ್ತದೆ.

ಈ ಮನುಷ್ಯ ಮೊದಲು ಹೀಗಿರಲಿಲ್ಲ. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಮಂಡಿಯ ಲೆಕ್ಕ ಬರೆಯುವವರು. ಯುಗಾದಿಗೊಂದು ಜೊತೆ, ದೀಪಾವಳಿಗೊಂದು ಜೊತೆ, ಅಲ್ಲಿಗೆ ವರ್ಷದ ಬಟ್ಟೆ ಮುಗಿಯಿತು. ಚೌಕಿಪೇಟೆಯ ಅದೇ ಅಂಗಡಿ, ಅದೇ ನೀಲಿ ಗೆರೆ. ಇವರು ಮೆಟ್ಟಿಲು ಹತ್ತುವಷ್ಟರಲ್ಲಿ ಅಂಗಡಿಯವರು ಆ ಒಂದು ತಾನು ಕೆಳಗಿಳಿಸಿ ಬಿಚ್ಚಿರುತ್ತಿದ್ದರು. ಟೈಲರ್ ಪುಸ್ತಕದಲ್ಲಿ ಇವರ ಅಳತೆ ಮದುವೆಗೆ ಮುಂಚಿನಿಂದ ಇದೆ, ಹೊಟ್ಟೆಯ ಸಾಲನ್ನು ಮಾತ್ರ ಆಗಾಗ ಹೊಡೆದು ಬರೆಯುತ್ತಾರೆ.

ಕೆಡಿಸಿದ್ದು ಹೈಸ್ಕೂಲು ಗೆಳೆಯರ ವಾಟ್ಸಾಪ್ ಗುಂಪು. ಅದರಲ್ಲೊಬ್ಬ ಪುಣ್ಯಾತ್ಮ ಕುಂದವಾಡ ಕೆರೆ ಏರಿಯ ಮೇಲೆ ತಿಳಿಗಂದು ಅಂಗಿ, ಬಿಳಿ ಬೂಟು ಹಾಕಿ, ಕ್ಯಾಮೆರಾ ಇರುವುದೇ ಗೊತ್ತಿಲ್ಲವೆಂಬಂತೆ ನೀರು ನೋಡುತ್ತಾ ನಿಂತ ಫೋಟೋ ಹಾಕಿದ. ಎಲ್ಲರೂ ಹೀರೋ ಹೀರೋ ಅಂದರು. ಅಂಗಿಗೆ 349 ರೂಪಾಯಿ ಅಂತ ಅವನು ಲಿಂಕನ್ನೂ ಹಾಕಿದ. ಆವತ್ತಿನಿಂದ ನಮ್ಮನೆಯವರು ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ಅಂಗಿ ತಿರುವಿ ಹಾಕುತ್ತಾರೆ. 'ಲಿನೆನ್ ಲುಕ್' ಅಂತ ಬರೆದಿರುತ್ತದೆ, ಲಿನೆನ್ ಒಂದೆಳೆಯೂ ಇರುವುದಿಲ್ಲ. ಅದನ್ನು ತೊಟ್ಟವನ ಎತ್ತರ ಆರಡಿ ಒಂದಂಗುಲ, ಹಾಕಿರುವುದು ಎಂ ಸೈಜು ಅಂತ ಕೆಳಗೇ ಇರುತ್ತದೆ. ಇವರು ಐದಡಿ ನಾಲ್ಕಂಗುಲ. ಅದಕ್ಕೂ ಕೆಳಗೆ ಐದು ಚುಕ್ಕಿ ಕೊಟ್ಟು ಯಾರೋ ಬರೆದಿರುತ್ತಾರೆ: 'ಇನ್ನೂ ಬಿಚ್ಚಿಲ್ಲ, ತುಂಬಾ ಚೆನ್ನಾಗಿದೆ.' ಜೊತೆಗೆ ಕವರಿನ ಫೋಟೋ.

ಸರಿಯಾಗಿ ಕೂರುವ ಒಂದು ಹಳೇ ಅಂಗಿಯನ್ನು ಹಾಸಿಗೆ ಮೇಲೆ ಹರಡಿ, ಈ ಕಂಕುಳಿಂದ ಆ ಕಂಕುಳಿಗೆ ಟೇಪು ಹಿಡಿದು, ಬಂದದ್ದನ್ನು ಎರಡರಷ್ಟು ಮಾಡಿ, ಅವರು ಕೊಟ್ಟ ಪಟ್ಟಿಯ ಎದೆಯಳತೆಗೆ ತಾಳೆ ನೋಡ್ರಿ ಅಂತ ನಾನು ಹೇಳಿ ಸಾಕಾದೆ. ದಿನವಿಡೀ ಕ್ವಿಂಟಾಲ್ ಲೆಕ್ಕ ಹಾಕುವವರಿಗೆ ಮನೆಗೆ ಬಂದು ಅಂಗುಲದ ಲೆಕ್ಕ ಬೇಡವಂತೆ. ಎಂ, ಎಲ್, ಎಕ್ಸ್‌ಎಲ್ ಮೂರನ್ನೂ ತರಿಸುವುದು, ಎರಡನ್ನು ಕಳಿಸುವುದು. ಹೀಗಾಗಿ ಪಾರ್ಸಲ್ ಹುಡುಗನಿಗೂ ಇವರಿಗೂ ಎಂಥ ಸ್ನೇಹವೆಂದರೆ ಇವರ ಮೊಬೈಲಿನಲ್ಲಿ ಅವನು 'ಪಾರ್ಸಲ್ ತಮ್ಮ', ಅವನ ಮೊಬೈಲಿನಲ್ಲಿ ಇವರು 'ರಿಟರ್ನ್ ಸರ್'. ಗೇಟು ತೆಗೆಯುವ ಮುಂಚೆಯೇ ಅವನು "ಇವತ್ತು ಕೊಡೋದಾ, ತಗೊಳ್ಳೋದಾ?" ಅನ್ನುತ್ತಾನೆ.

ಇಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ಇವರು ಒಂದು ಕಾನೂನು ಮಾಡಿದ್ದಾರೆ. ಮೈಗೆ ಸರಿಹೊಂದಿದ ಬಟ್ಟೆಯ ಟ್ಯಾಗನ್ನೂ ಕೀಳುವಂತಿಲ್ಲ. ಅದನ್ನು ಕಾಲರಿನೊಳಗೆ ತೂರಿಸಿ ಹಾಕಿಕೊಳ್ಳಬೇಕು, ಹೊರಗೆ ಹೋಗಬೇಕು, ಫೋಟೋ ತೆಗೆಸಿಕೊಳ್ಳಬೇಕು. "ಫೋಟೋ ಚೆನ್ನಾಗ್ ಬಂದ್ರೆ ಇಟ್ಕೊಳ್ಳೋದು. ಇಲ್ದಿದ್ರೆ ವಾಪಸ್. ಏಳು ದಿನ ಟೈಮ್ ಐತಲ್ಲ" ಅನ್ನುತ್ತಾರೆ. ಗಟ್ಟಿ ರಟ್ಟಿನ ಆ ಟ್ಯಾಗು, ಅದರ ಪ್ಲಾಸ್ಟಿಕ್ ದಾರ ದಿನವಿಡೀ ಕುತ್ತಿಗೆ ಕೊರೆದು ಕೆಂಪು ಗೀರು ಬಿದ್ದಿದೆ. ರಾತ್ರಿ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚುವವಳು ನಾನು.

ನಮ್ಮ ಮಾವ ಇದನ್ನೆಲ್ಲ ನಡುಮನೆಯ ಕುರ್ಚಿಯಿಂದ ನೋಡುತ್ತಾರೆ. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದಲ್ಲಿ ಹತ್ತಿ ಮಿಲ್ಲಿನಲ್ಲಿ ನೂಲು ತೆಗೆದವರು. ಯಂತ್ರದ ಗದ್ದಲಕ್ಕೆ ಕಿವಿ ಆಗಲೇ ಮಂದವಾಗಿತ್ತು, ಬೆರಳು ಮಾತ್ರ ಇನ್ನೂ ಚುರುಕು. ಬಟ್ಟೆ ಕೈಗೆ ಕೊಟ್ಟರೆ ಕಣ್ಣಿನಿಂದ ನೋಡುವುದಿಲ್ಲ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜುತ್ತಾರೆ, ಅಷ್ಟೆ. 'ಕಾಟನ್ ಬ್ಲೆಂಡ್' ಅಂತ ಬಂದ ಅಂಗಿಯನ್ನು ಒಮ್ಮೆ ಹಾಗೇ ಉಜ್ಜಿ, ಒಳಹೊಲಿಗೆಯಿಂದ ಒಂದೆಳೆ ಕಿತ್ತು, ದೇವರ ಮನೆಯ ಬೆಂಕಿಪೊಟ್ಟಣ ತರಿಸಿ ಕಡ್ಡಿ ಗೀರಿದರು. "ಹತ್ತಿ ಆದ್ರೆ ಕಾಗ್ದ ಸುಟ್ಟ ವಾಸ್ನೆ ಬಂದು ಬೂದಿ ಆಗ್ತೈತೆ. ಇದ್ ನೋಡು, ಕರಗಿ ಗುಂಡಾತು. ಪ್ಲಾಸ್ಟಿಕ್ಕು." ನಮ್ಮನೆಯವರು ಬಚ್ಚಲಿಂದ ಓಡಿಬಂದು "ಅಪ್ಪಾ! ಅದು ವಾಪಸ್ ಹೋಗೋ ಅಂಗಿ!" ಅಂತ ಕೂಗಿದರು. ಮಾವನಿಗೆ ಕೇಳಿಸಲಿಲ್ಲ. ಇನ್ನೊಂದೆಳೆ ಕಿತ್ತರು.

ನನ್ನ ಕುರ್ತಾದ ಸರದಿ ಬಂದಾಗ ಕಡ್ಡಿ ಗೀರಲಿಲ್ಲ. ರೇಯಾನೂ ಕಾಗದದ ವಾಸನೆಯೇ ಬರುತ್ತದಂತೆ, ಸುಟ್ಟು ಪ್ರಯೋಜನವಿಲ್ಲವಂತೆ. "ಇದು ನೀಲಗಿರಿ ಮರ ಕಣವ್ವ" ಅಂದರು. ತಮಾಷೆಯಲ್ಲ. ಹರಿಹರದ ಹೊಳೆಯಾಚೆ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ನೀಲಗಿರಿ ಮರದ ತಿರುಳು ತೆಗೆಯುವುದೇ ರೇಯಾನ್ ನೂಲಿಗಾಗಿ. ಆ ಮರ ನೀರು ಕಂಡರೆ ಬೆಳೆಯುತ್ತದೆ, ನನ್ನ ಕುರ್ತಾ ನೀರು ಕಂಡು ಕುಗ್ಗಿತು. ಮೊದಲ ಒಗೆತಕ್ಕೇ ಮೊಣಕಾಲಿನಿಂದ ಮೇಲಕ್ಕೆ ಹೋಯಿತು.

ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಈಗ ಕವರು ಬಂದಾಗ ಮಾವ ಕನ್ನಡಕ ಏರಿಸಿ, ಕಳಿಸಿದವರ ಊರನ್ನು ಗಟ್ಟಿಯಾಗಿ ಓದುತ್ತಾರೆ. "ಸೂರತ್ತು." ಮತ್ತೊಂದು ದಿನ "ತಿರುಪ್ಪೂರು." ಓದಿ ಕವರನ್ನು ಪಕ್ಕಕ್ಕಿಡುತ್ತಾರೆ. ಬೆಳಗಿನ ಶಿಫ್ಟಿನ ಸೈರನ್ನಿಗೆ ಇಡೀ ಓಣಿ ಎದ್ದು ಒಲೆ ಹಚ್ಚುತ್ತಿದ್ದುದನ್ನು ಅತ್ತೆ ಇದ್ದಾಗ ಹೇಳುತ್ತಿದ್ದರು. ಮಾವ ಅದರ ಸುದ್ದಿಯನ್ನೇ ಎತ್ತುವುದಿಲ್ಲ, ನಾನೂ ಕೇಳುವುದಿಲ್ಲ. ಅಷ್ಟರಲ್ಲಿ ಒಳಗಿನಿಂದ ಇವರು "ಸೆಲೋಟೇಪ್ ಎಲ್ಲಿಟ್ಟೀಯ?" ಅಂತ ಕೂಗುತ್ತಾರೆ.

ಇನ್ನು ಭಾನುವಾರದ ವಿಷಯ. ಚಿತ್ರದುರ್ಗದ ಕೋಟೆಗೆ ಹೋಗುವುದು ಅಂತಾಯಿತು. ನಮ್ಮಲ್ಲಿಂದ ಅರವತ್ತು ಕಿಲೋಮೀಟರು, ಹೆದ್ದಾರಿ, ಆನಗೋಡು ದಾಟಿದರೆ ಭರಮಸಾಗರ, ಆಮೇಲೆ ದುರ್ಗ ಬಂದೇಬಿಟ್ಟಿತು. ಮಗಳು ಕಾಲೇಜು ಓದುವವಳು, "ಥೀಮ್ ಅರ್ಥ್ ಟೋನ್" ಅಂದಳು. ಅಂದರೆ ಮಣ್ಣು, ಒಣಹುಲ್ಲು, ಒಂಟೆ, ಇಂಥ ಬಣ್ಣಗಳು. ಫೋಟೋದಲ್ಲಿ ದುಬಾರಿ ಕಾಣುತ್ತವಂತೆ. ಇವರಿಗೊಂದು ಒಂಟೆ ಬಣ್ಣದ ಅಂಗಿ ಬಂತು. ಎಂ ಬಿಗಿ, ಎಲ್ ಸ್ಟಾಕ್ ಖಾಲಿ, ಎಕ್ಸ್‌ಎಲ್ ಇಬ್ಬರಿಗಾಗುವಷ್ಟು. ಎಕ್ಸ್‌ಎಲ್ಲೇ ಇರಲಿ, ಸಡಿಲವೇ ಈಗಿನ ಫ್ಯಾಶನ್ನು ಅಂದರು. ಸ್ಟುಡಿಯೋದಲ್ಲಿ ಕೆಲಸ ಮಾಡುವ ನನ್ನ ತಮ್ಮ ಒಂದು ಗುಟ್ಟು ಹೇಳಿದ್ದ. ಜಾಹೀರಾತಿನವರು ಬಟ್ಟೆಯನ್ನು ಬೆನ್ನ ಹಿಂದೆ ಕ್ಲಿಪ್ಪಿನಿಂದ ಹಿಡಿದು ಬಿಗಿ ಮಾಡಿರುತ್ತಾರಂತೆ. ಸರಿ, ನಾನೂ ಹಗ್ಗಕ್ಕೆ ಹಾಕುವ ಒಂದು ಹಿಡಿ ಕ್ಲಿಪ್ಪು ವ್ಯಾನಿಟಿ ಬ್ಯಾಗಿಗೆ ತುಂಬಿಕೊಂಡೆ.

ಹೊರಡುವ ಮುಂಚೆ ಬೆಣ್ಣೆ ದೋಸೆ ತಿನ್ನದೆ ದಾವಣಗೆರೆ ಬಿಡುವುದು ನಮ್ಮ ಮನೆಯಲ್ಲಿ ಇಲ್ಲ. ಭಾನುವಾರ ಬೆಳಿಗ್ಗೆ ಹೋಟೆಲಿನ ನೂಕುನುಗ್ಗಲು ಗೊತ್ತಲ್ಲ, ತಿನ್ನುವವರ ಕುರ್ಚಿಯ ಹಿಂದೆಯೇ ಮುಂದಿನವರು ನಿಂತಿರುತ್ತಾರೆ. ಹೇಗೋ ಜಾಗ ಸಿಕ್ಕಿತು. ಸಪ್ಲೈಯರ್ ಬಂದ. ಇವರು ಎದೆಯ ಮೇಲೆ ಕೈಯಿಟ್ಟುಕೊಂಡು, ಸಾವಕಾಶವಾಗಿ ಹೇಳಿದರು:

"ಮೂರು ಬೆಣ್ಣೆ ದೋಸೆ. ಅದ್ರಲ್ಲಿ ಒಂದಕ್ಕೆ ಬೆಣ್ಣೆ ಬೇಡ."

ಅವನಿಗೆ ಅರ್ಥವಾಗಲಿಲ್ಲ. "ಖಾಲಿ ದೋಸೆನಾ ಸರ್?"

"ಖಾಲಿ ಅಲ್ಲಪ್ಪ. ಬೆಣ್ಣೆ ದೋಸೆನೇ. ಬೆಣ್ಣೆ ಹಾಕಬಾರ್ದು."

"ಆರಾಮಿಲ್ವಾ ಸರ್?"

"ಆರಾಮದೀನಪ್ಪ. ಅಂಗಿ ವಾಪಸ್ ಕೊಡೋದೈತೆ."

ಅವನು ನನ್ನ ಮುಖ ನೋಡಿದ. ನಾನು ಗೋಡೆ ಮೇಲಿನ ದರಪಟ್ಟಿ ನೋಡಿದೆ. ಅಲ್ಲಿಂದಲೇ ಒಳಗೆ ಕೂಗಿದ, "ಮೂರು ಬೆಣ್ಣೆ! ಒಂದು ಬೆಣ್ಣೆ ಇಲ್ದಿರೋ ಬೆಣ್ಣೆ!" ಹೋಟೆಲಿನ ಸದ್ದು ಒಂದು ಕ್ಷಣ ನಿಂತಿತು. ಹೊಗೆಯ ನಡುವಿನಿಂದ ಭಟ್ಟರು ಸೌಟು ಹಿಡಿದುಕೊಂಡೇ ಬಾಗಿಲವರೆಗೆ ಬಂದು, ಯಾರು ಅಂತ ಕಣ್ಣಲ್ಲೇ ಕೇಳಿದರು. ಸಪ್ಲೈಯರ್ ಗದ್ದದಿಂದ ತೋರಿಸಿದ. ಇವರು ಅಷ್ಟರಲ್ಲಿ ಕಾರಿನಿಂದ ಮಗಳ ಸ್ನಾನದ ಟವೆಲ್ ತರಿಸಿ ಕುತ್ತಿಗೆಗೆ ಕಟ್ಟಿಕೊಂಡು, ತೊಡೆಗೆ ಪೇಪರ್ ಹಾಸಿಕೊಂಡು, ಕ್ಷೌರಕ್ಕೆ ಕೂತ ಭಂಗಿಯಲ್ಲಿ ಕೂತಿದ್ದರು. ಭಟ್ಟರು ಒಂದು ಮಾತೂ ಆಡದೆ ಒಳಗೆ ಹೋದರು. ದೋಸೆ ಬಂತು. ಮೂರಕ್ಕೂ ಬೆಣ್ಣೆ ಇತ್ತು, ಇವರದಕ್ಕೆ ನಮ್ಮದಕ್ಕಿಂತ ಜಾಸ್ತಿ. ಈ ಊರಿನಲ್ಲಿ ಒಲೆ ಮುಂದೆ ನಿಲ್ಲುವವರಿಗೂ ಒಂದು ಮಾನ ಅಂತ ಇರುತ್ತದಲ್ಲ! ಇವರು ತಟ್ಟೆಯನ್ನು ಗದ್ದದವರೆಗೆ ಎತ್ತಿ ಹಿಡಿದು, ಬೆನ್ನು ಬಗ್ಗಿಸಿ, ಒಂದೊಂದು ತುತ್ತಿಗೂ ಉಸಿರು ಬಿಗಿಹಿಡಿದು ತಿಂದರು. ಚಟ್ನಿ ಮುಟ್ಟಲಿಲ್ಲ. ಹಿಂದೆ ನಿಂತಿದ್ದ ಅಜ್ಜಿ ನನ್ನ ಭುಜ ತಟ್ಟಿ, "ಯಾವಾಗ್ಲಿಂದವ್ವಾ ಹಿಂಗೆ?" ಅಂತ ಮರುಕದಿಂದ ಕೇಳಿತು.

ಕೋಟೆ ಮುಟ್ಟುವಷ್ಟರಲ್ಲಿ ದುರ್ಗದ ಬಿಸಿಲು ತಲೆ ಮೇಲಿತ್ತು. ಪಾಲಿಯೆಸ್ಟರು ಬೆವರು ಹೀರುವುದಿಲ್ಲ. ಕಂಕುಳಲ್ಲಿ ಕಲೆಯಾದರೆ ವಾಪಸ್ ತಗೊಳ್ಳುವುದಿಲ್ಲ ಅಂತ ಇವರು ಎರಡೂ ಕೈ ಮೇಲೆತ್ತಿಕೊಂಡೇ ಬಾಗಿಲಿನ ಮೇಲೆ ಬಾಗಿಲು ದಾಟಿದರು. "ಕೋಟೆ 1779ರಲ್ಲೇ ಹೈದರಾಲಿ ಕೈಸೇರೈತೆ, ಈಗ ಶರಣಾಗೋ ಅಗತ್ಯ ಇಲ್ಲ, ಕೈ ಇಳಿಸ್ರಿ" ಅಂದೆ. ಇಳಿಸಲಿಲ್ಲ. ಹಿಂದಿನಿಂದ ಪ್ರವಾಸಕ್ಕೆ ಬಂದ ಶಾಲೆ ಮಕ್ಕಳ ಸಾಲು ಬರುತ್ತಿತ್ತು. ಒಬ್ಬ ಪುಟ್ಟ ಹುಡುಗ ಬಹಳ ಹೊತ್ತು ಯೋಚಿಸಿ, "ಅಂಕಲ್, ನಿಮ್ಮನ್ನ ಒಣಗಾಕವ್ರಾ?" ಅಂದ. ಬೆನ್ನಿಗೆ ಕ್ಲಿಪ್ಪುಗಳಿದ್ದವು.

ಒನಕೆ ಓಬವ್ವನ ಕಿಂಡಿಯ ಹತ್ತಿರ ಹೊಸ ತಕರಾರು. ಕಿಂಡಿಯೊಳಗೆ ತೂರಬೇಕು, ಬಂಡೆಗೆ ಉಜ್ಜಿದರೆ ಅಂಗಿ ಎಳೆ ಕಿತ್ತುಕೊಳ್ಳುತ್ತದೆ. ಇವರು ಅಂಗಿ ಬಿಚ್ಚಿ, ಮಡಿಸಿ, ನನ್ನ ಕೈಗಿತ್ತು ಬನಿಯನ್ನಿನಲ್ಲಿ ಒಳಹೊಕ್ಕರು. ಗಂಡ ಊಟಕ್ಕೆ ಹೋಗಿದ್ದಾಗ ಓಬವ್ವ ಒಬ್ಬಳೇ ನಿಂತು ಕೋಟೆ ಕಾದಳು. ನಾನು ಅಂಗಿ ಕಾದೆ. ಒನಕೆ ಮಾತ್ರ ಇರಲಿಲ್ಲ, ಅದು ಇವರ ಅದೃಷ್ಟ.

ಫೋಟೋಗಳು ಬೇಕಾದಷ್ಟಾದವು. ಬಂಡೆಗೆ ಒರಗಿ, ಬುರುಜಿನ ಪಕ್ಕ, ದೂರದ ಗಾಳಿಯಂತ್ರಗಳನ್ನು ನೋಡುತ್ತಾ. ಮರದ ನೆರಳಲ್ಲಿ ಕೂತು ಮಗಳು ಒಂದೊಂದನ್ನೇ ತೆರೆದಳು. ಮೂವರೂ ಒಂದೇ ಮಾತಿಲ್ಲದೆ ನೋಡಿದೆವು. ದುರ್ಗದ ಬಂಡೆಯ ಬಣ್ಣವೂ ಅದೇ, ಕೋಟೆ ಗೋಡೆಯ ಬಣ್ಣವೂ ಅದೇ, ನಮ್ಮ ಬಟ್ಟೆಯ ಬಣ್ಣವೂ ಅದೇ. ಬಂಡೆಯ ಮೇಲೆ ಮೂರು ತಲೆ, ಒಂದಿಷ್ಟು ಕೈ, ನೆಲದ ಹತ್ತಿರ ಇವರ ಬಿಳಿ ಬೂಟು. ನಡುವೆ ಯಾರೂ ಇಲ್ಲ. ಹೈದರಾಲಿಯ ಸೈನಿಕರಿಗೆ ಈ ಲಿಂಕು ಸಿಕ್ಕಿದ್ದರೆ ಕಿಂಡಿ ಹುಡುಕುವ ಕಷ್ಟವೇ ಇರಲಿಲ್ಲ.

ಆದರೂ ಇವರು ಕಿಂಡಿಯ ಮುಂದಿನ ಒಂದನ್ನು ಆರಿಸಿ ಸ್ಟೇಟಸ್ಸಿಗೆ ಹಾಕಿಕೊಂಡರು. ಮನೆಗೆ ಬಂದು, ಅಂಗಿಗೆ ಪೌಡರ್ ಹಚ್ಚಿ, ರಾತ್ರಿಯೆಲ್ಲ ಫ್ಯಾನಿನಡಿ ಹರಡಿ, ಹಾಸಿಗೆಯಡಿಯ ಕವರು ತೆಗೆದು, ವಾಪಸ್ ಬಟನ್ ಒತ್ತಿದರು.

ನಿನ್ನೆ ಸಂಜೆ ಪಾರ್ಸಲ್ ತಮ್ಮ ಬಂದ. ಅಂಗಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಮೊಬೈಲಿನಲ್ಲಿ ಒಂದೊಂದೇ ಗುರುತು ಹಾಕುತ್ತಾ ಹೋದ. ಟ್ಯಾಗ್ ಇದೆ. ಬಣ್ಣ ಸರಿ. ಸೈಜು ಸರಿ.

"ಬಳಸಿಲ್ಲ ತಾನೇ ಸರ್?"

"ಇಲ್ಲಪ್ಪ. ಸುಮ್ನೆ ಒಂದ್ಸಲ ಹಾಕ್ಕೊಂಡ್ ನೋಡಿದ್ದು."

ಹುಡುಗ ಮೊಬೈಲಿನಿಂದ ತಲೆ ಎತ್ತಲಿಲ್ಲ. "ದುರ್ಗದಾಗ್ ಹಾಕ್ಕೊಂಡ್ ನೋಡಿದ್ರಲ್ಲ. ಸ್ಟೇಟಸ್ ಬಂದಿತ್ತು."

ನಡುಮನೆಯಿಂದ ಮಾವ ಕೆಮ್ಮಿ ಕೆಮ್ಮಿ ನಕ್ಕರು. ನಾನು ಪಕ್ಕದಲ್ಲೇ ನಿಂತು ಕೂಗಿದರೂ ಕೇಳದವರಿಗೆ ಇದು ಹೇಗೆ ಕೇಳಿಸಿತೋ. ಇವರು ಕಾಲರಿನಂಚು ಸವರುತ್ತಾ ಸ್ವಲ್ಪ ಹೊತ್ತು ನಿಂತು, ಕೊನೆಗೆ ಕೇಳಿದ್ದೇನು ಗೊತ್ತಾ?

"ಹೆಂಗ್ ಬಂದಿತ್ತಪ್ಪ ಫೋಟೋ?"

"ಮಸ್ತ್ ಬಂದಿತ್ತು ಸರ್. ಅಂಗಿ ಎಲ್ಲೈತೆ ಅಂತ ಗೊತ್ತಾಗ್ಲಿಲ್ಲ, ಅಷ್ಟೇ. ಬೇಗ ಹೇಳ್ರಿ, ಕೊಡ್ತೀರೋ ಇಟ್ಕೋತೀರೋ? ಇನ್ನೂ ಎಂಸಿಸಿ ಬಿ ಬ್ಲಾಕಿಗೆ ಹೋಗ್ಬೇಕು, ಅಲ್ಲೂ ಇದೇ ಅಂಗಿ ವಾಪಸ್ ಐತೆ."