ಗಾಯ ನೋಡಿ ಶಿಕ್ಷೆ ಅಳೆಯುವುದು ಸರಿಯೇ?

ಪರ

ಹೊಡೆದಾಟದ ಕೇಸು ಅಂದರೆ ಎಲ್ಲರೂ ಮೊದಲು ಕೇಳುವುದು ಒಂದೇ: ‘ವೂಂಡ್ ಸರ್ಟಿಫಿಕೇಟ್‌ನಲ್ಲಿ ಏನಿದೆ, ಸಿಂಪಲ್ಲಾ, ಗ್ರೀವಿಯಸ್ಸಾ?’ ಅಂದರೆ, ವೈದ್ಯರು ಕೊಡುವ ಗಾಯದ ಪ್ರಮಾಣಪತ್ರದಲ್ಲಿ ಸಾಮಾನ್ಯ ಗಾಯ ಅಂತಿದೆಯೋ, ತೀವ್ರ ಗಾಯ ಅಂತಿದೆಯೋ ಎಂದು. ಕೇಳಲಿ ಬಿಡಿ, ತಪ್ಪೇನಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಂ ಎಂಟು ಬಗೆಯ ತೀವ್ರ ಗಾಯಗಳನ್ನು ಹೇಳುತ್ತದೆ. ಕಣ್ಣು ಹೋಗುವುದು, ಕಿವಿ ಹೋಗುವುದು, ಮುಖ ಶಾಶ್ವತವಾಗಿ ವಿಕಾರವಾಗುವುದು, ಮೂಳೆ ಅಥವಾ ಹಲ್ಲು ಮುರಿಯುವುದು, ಹೀಗೆ. ಅದಕ್ಕೂ ಮೊದಲಿದ್ದ ಭಾರತೀಯ ದಂಡ ಸಂಹಿತೆಯ (ಐಪಿಸಿ) 320ನೇ ಕಲಂನಲ್ಲೂ ಹೆಚ್ಚುಕಡಿಮೆ ಇದೇ ಪಟ್ಟಿ ಇತ್ತು.

ಪಟ್ಟಿ ಇದ್ದರೆ ಪೊಲೀಸರಿಗೂ ಒಂದು ಕಡಿವಾಣ. ಎಕ್ಸ್‌ರೇಯಲ್ಲಿ ಬಿರುಕು ಕಂಡ ಮೇಲೆ ಕಲಂ ಇಳಿಸುವುದು ಸುಲಭವಲ್ಲ. ಮನಸ್ಸಿನಲ್ಲಿ ಏನಿತ್ತು ಅನ್ನುವುದನ್ನೇ ಮೊದಲ ಅಳತೆ ಮಾಡಿದರೆ? ಪ್ರಭಾವಿಯ ಮಗ ಹೊಡೆದರೆ ‘ಸುಮ್ನೆ ತಳ್ಳಿದ’, ಕೂಲಿಯವನು ಹೊಡೆದರೆ ‘ಕೊಲ್ಲಲೆಂದೇ ಬಂದಿದ್ದ’ ಅಂತಾಗುತ್ತದೆ.

ಹಾಗಂತ ಕಾನೂನು ಉದ್ದೇಶವನ್ನು ಕೈಬಿಟ್ಟಿಲ್ಲ. ತೀವ್ರ ಗಾಯ ಮಾಡುವ ಉದ್ದೇಶವೋ, ಆಗಬಹುದೆಂಬ ಅರಿವೋ ಇದ್ದರೆ ಮಾತ್ರ ತೀವ್ರ ಗಾಯಕ್ಕೆ ಶಿಕ್ಷೆ ಹೇಳುವ 117ನೇ ಕಲಂ. ಕೊಲ್ಲುವ ಉದ್ದೇಶವಿದ್ದರೆ ಕೊಲೆ ಯತ್ನದ 109ನೇ ಕಲಂ ಇದ್ದೇ ಇದೆ, ಅದಕ್ಕೆ ಗಾಯ ಆಗಲೇಬೇಕು ಅಂತಿಲ್ಲ.

ವಿರೋಧ

ಬರಿಗೈಯಲ್ಲಿ ಗುದ್ದಿ ಒಂದು ಹಲ್ಲು ಮುರಿದರೆ 7 ವರ್ಷದವರೆಗೆ ಜೈಲು. ಮೂರ್ನಾಲ್ಕು ಜನ ಸೇರಿ ಬೆನ್ನು ಪೂರ್ತಿ ಕಪ್ಪಾಗುವಂತೆ ಒದ್ದರೂ ಮೂಳೆ ಮುರಿಯದಿದ್ದರೆ ಸರ್ಟಿಫಿಕೇಟ್‌ನಲ್ಲಿ ‘ಸಿಂಪಲ್’ ಅಂತ ಬಂದುಬಿಡಬಹುದು. ಆಗ ಹೆಚ್ಚೆಂದರೆ 1 ವರ್ಷ. 10,000 ರೂಪಾಯಿಯೊಳಗಿನ ದಂಡದಲ್ಲೇ ಮುಗಿದರೂ ಮುಗಿಯಿತು.

ಹೀಗೆ ಒದೆ ತಿಂದವರಿಗೆ ತೀವ್ರ ಗಾಯದ ಎಂಟನೇ ಬಗೆ ಇದೆಯಲ್ಲ ಅನ್ನಬಹುದು: 15 ದಿನ ತೀವ್ರ ನೋವು, ಇಲ್ಲವೇ ದಿನನಿತ್ಯದ ಕೆಲಸ ಮಾಡಲಾಗದ ಸ್ಥಿತಿ. ಐಪಿಸಿಯಲ್ಲಿ ಇದು 20 ದಿನ ಇತ್ತು, ಈಗ ಇಳಿಸಿದ್ದಾರೆ. ಒಳ್ಳೆಯದೇ. ಆದರೆ ಗಾರೆ ಕೆಲಸದವನು ಎಂಟನೇ ದಿನಕ್ಕೇ ಬ್ಯಾಂಡೇಜ್ ಸಮೇತ ಕೆಲಸಕ್ಕೆ ಹೋಗುತ್ತಾನೆ. ಮನೆಯಲ್ಲಿ ಒಲೆ ಹತ್ತಬೇಕಲ್ಲ. ಕೋರ್ಟಿನಲ್ಲಿ ಎದುರು ವಕೀಲರು ಅದನ್ನೇ ಹಿಡಿದುಕೊಳ್ಳುತ್ತಾರೆ: ‘ಕೆಲಸಕ್ಕೆ ಹೋಗಿದ್ದೀಯಲ್ಲ, ಮತ್ತೆ ನೋವೆಲ್ಲಿತ್ತು?’ ಸಂಬಳದ ರಜೆ ಇರುವವನಿಗೆ ಈ ಪೇಚಾಟ ಇಲ್ಲ.

ಎಕ್ಸ್‌ರೇ ನಂಬಬಹುದು ಅನ್ನುವವರು ಒಮ್ಮೆ ವೈದ್ಯರ ಪಾಟೀಸವಾಲು ಕೇಳಬೇಕು. ‘ಡಾಕ್ಟರೇ, ಗಟ್ಟಿ ನೆಲದ ಮೇಲೆ ಬಿದ್ದರೂ ಇಂಥ ಗಾಯ ಆಗಬಹುದಲ್ವಾ?’ ‘ಆಗಬಹುದು.’ ಪ್ರಾಮಾಣಿಕ ವೈದ್ಯರು ಬೇರೆ ಏನು ಹೇಳಲಿಕ್ಕೆ ಸಾಧ್ಯ?

ಆಸಿಡ್ ವಿಷಯದಲ್ಲಿ ಕಾನೂನೇ ಈ ಅಳತೆ ಬಿಟ್ಟಿದೆ. 2013ರ ತಿದ್ದುಪಡಿಯಿಂದೀಚೆಗೆ ಆಸಿಡ್ ಎರಚಲು ಯತ್ನಿಸಿದರೂ ಸಾಕು, ಹನಿ ತಾಗದಿದ್ದರೂ ಕನಿಷ್ಠ 5 ವರ್ಷ. ಮಚ್ಚಿನ ಲೆಕ್ಕ ಮಾತ್ರ ಬೇರೆ. ಚರ್ಮ ಸೀಳಿದರೆ 3 ವರ್ಷದವರೆಗೆ, ಮೂಳೆ ತುಂಡಾದರೆ ಜೀವಾವಧಿಯವರೆಗೆ. ಎದುರಿನವನು ಸರಕ್ಕನೆ ಹಿಂದೆ ಸರಿದದ್ದರ ಲಾಭ ಮಚ್ಚು ಬೀಸಿದವನಿಗೆ!

ಆಯುಧ ಯಾವುದು, ಎಲ್ಲಿಗೆ ಹೊಡೆದರು, ಎಷ್ಟು ಜನ ಇದ್ದರು ಅಂತ ಶಿಕ್ಷೆ ಹೇಳುವಾಗ ನ್ಯಾಯಾಧೀಶರು ನೋಡುತ್ತಾರೆ, ನಿಜ. ಆದರೆ ಬರೀ ‘ಸಿಂಪಲ್’ ಕಲಂ ಬಿದ್ದ ಕೇಸಿನಲ್ಲಿ ಅವರ ಕೈಯಲ್ಲಿರುವುದೇ ಒಂದು ವರ್ಷ.